ಗದ್ದೆ ಬದುವಿನ ಮೇಲಿಟ್ಟ ಎಡೆ

ಅಕ್ಕನನ್ನು ಬಾಲಿಗೆ ಕರೆದುಕೊಂಡು ಹೋಗುತ್ತೇನೆ ಎಂದಾಗ ಕೊತ್ತಗೆರೆಯ ಅವಳ ಮನೆಯವರು ನನ್ನನ್ನು ಹುಚ್ಚಿಯಂತೆ ನೋಡಿದರು. ಅವಳ ಒಬ್ಬಳೇ ಮಗಳು ಡೆಂಗಿ ಜ್ವರದಲ್ಲಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಪಿತೃಪಕ್ಷದಲ್ಲಿ ಊರೆಲ್ಲ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ, ಎಲೆಗೆ ಬಡಿಸಿ ಎಡೆ ಇಟ್ಟರೆ ಅಕ್ಕ ಒಲೆಯನ್ನೇ ಹಚ್ಚಲಿಲ್ಲ. "ಎಡೆ ಇಡೋ ಅಂಥದ್ದು ನನ್ ಮಗಳಿಗೆ ಏನಾಗೈತೆ?" ಎಂದು ಅತ್ತೆಯ ಮೇಲೆ ಹರಿಹಾಯ್ದಳಂತೆ. ಮಣ್ಣು ಮಾಡಿದ ದಿನದಿಂದ ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ. ಅದೇ ನನಗೆ ಭಯ. ಊರ ಬಾಯಿ ಮುಚ್ಚಿಸೋಕಾಗುತ್ತದೆಯೇ? ನಾನಿರುವ ಗುಬ್ಬಿಯಿಂದ ಹೋಗಿ ಅವಳ ಬಟ್ಟೆ ನಾನೇ ತುಂಬಿದೆ. ತುಮಕೂರಿನ ಒಂದು ಟ್ರಾವೆಲ್ಸ್‌ನವರ ಗುಂಪಿನೊಂದಿಗೆ ಹೊರಟೆವು.

ಬಾಲಿಯಲ್ಲಿ ಕಾಡು, ಜಲಪಾತ, ಬೆಟ್ಟದ ಮೆಟ್ಟಿಲು ಗದ್ದೆ, ಎಲ್ಲವನ್ನೂ ಒಂದೇ ದಿನದಲ್ಲಿ ತೋರಿಸುತ್ತಾರೆ. ನಮ್ಮ ಗೈಡು ಅಲ್ಲಿಯವಳೇ ಒಬ್ಬಳು ನಡುವಯಸ್ಸಿನ ಹೆಂಗಸು. ಅವಳದು ಹರಕುಮುರುಕು ಇಂಗ್ಲಿಷು, ನನ್ನದೂ ಅಷ್ಟೇ. ಬೆಳಿಗ್ಗೆ ವ್ಯಾನು ಹತ್ತಲು ಹೋದರೆ ಹೋಟೆಲಿನ ಬಾಗಿಲು, ಅಂಗಡಿಯ ಮೆಟ್ಟಿಲು, ರಸ್ತೆಯ ಅಂಚು, ಎಲ್ಲೆಲ್ಲೂ ತೆಂಗಿನ ಗರಿಯ ಅಂಗೈಯಗಲದ ಬುಟ್ಟಿಗಳು. ಒಳಗೆ ಹೂವು, ಚೂರು ಅನ್ನ, ಬಿಸ್ಕತ್ತು, ಊದುಬತ್ತಿ. ಅಕ್ಕ ನನ್ನ ತೋಳು ಹಿಡಿದಳು.

"ಏನೇ ಇದು, ಬೀದಿ ತುಂಬ ಎಡೆ ಇಟ್ಟವ್ರೆ! ಈ ಊರಲ್ಲಿ ಇಷ್ಟೊಂದು ಜನ ಸತ್ತವ್ರಾ?"

ಗೈಡನ್ನು ಕೇಳಿದೆ. ಸತ್ತವರಿಗಲ್ಲ, ದಿನವೂ ದೇವರಿಗೆ ಇಡುವುದು ಎಂದು ಅವಳು ನಕ್ಕಳು. ಅಕ್ಕ ನಂಬಲಿಲ್ಲ. "ಸುಳ್ಳೇಳ್ತಾಳೆ ಬುಡು. ನಾವು ಬೇಜಾರು ಮಾಡ್ಕೊತೀವಿ ಅಂತ."

ಕಾಡಿನೊಳಗೆ ಇಳಿದು ಜಲಪಾತದ ಹತ್ತಿರ ಹೋದೆವು. ಗುಂಪಿನವರೆಲ್ಲ ನೀರಿಗೆ ಬಿದ್ದು ಕೇಕೆ ಹಾಕುತ್ತಿದ್ದರು. ಅಕ್ಕ ಬಂಡೆಯ ಮೇಲೆ ವ್ಯಾನಿಟಿ ಬ್ಯಾಗು ಅವುಚಿಕೊಂಡು ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

"ಒಂದ್ಸಲ ಅತ್ಬುಡಕ್ಕ, ನಿನ್ ಕೈ ಮುಗೀತೀನಿ. ನಿನ್ನ ಹಿಂಗೆ ನೋಡಕ್ಕಾಗಲ್ಲ ನನಗೆ."

"ಅಳೋಕೇನೈತೆ? ಸುಮ್ನಿರು."

ಸಿಟ್ಟು ಬಂತು. ಗದ್ದೆಯ ಕಡೆ ಹೊರಟಾಗ ವ್ಯಾನಿನಲ್ಲಿ ಅವಳ ಪಕ್ಕ ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತೆ.

ಗದ್ದೆಯ ಪಕ್ಕದ ಗುಡಿಸಲಿನಲ್ಲಿ ಊಟ. ಎಲ್ಲರ ಮುಂದೆಯೂ ಹುರಿದ ನೂಡಲ್ಸ್ ತಂದಿಟ್ಟರು. ಅಕ್ಕ ತಟ್ಟೆಯನ್ನೇ ನೋಡುತ್ತ ಕೂತಳು.

"ನನ್ ಮಗಳಿಗೆ ನೂಡಲ್ಸ್ ಅಂದ್ರೆ ಪ್ರಾಣ ಕಣೇ," ಎಂದಳು. ಆಮೇಲೆ, "ಒಂದು ಎಲೆ ಕೊಡ್ಸು," ಎಂದಳು.

ಅಯ್ಯೋ ಶಿವನೇ, ಅಕ್ಕ ಎಡೆ ಇಡಲು ಹೊರಟಿದ್ದಳು. ಗೈಡು ಬಾಳೆ ಎಲೆಯ ತುಂಡೊಂದನ್ನು ತಂದುಕೊಟ್ಟಳು. ಅಕ್ಕ ಚಪ್ಪಲಿ ಬಿಟ್ಟು ಬದುವಿನ ಮೇಲೆ ಹೋಗಿ, ಎಲೆ ಹಾಸಿ, ತನ್ನ ತಟ್ಟೆಯದನ್ನೆಲ್ಲ ಬಡಿಸಿ, ಸುತ್ತ ನೀರು ಬಿಟ್ಟಳು. ನಮ್ಮ ಕಡೆ ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತೇವೆ. ಸತ್ತವರು ಬಂದು ಉಣ್ಣುವಾಗ ಯಾರೂ ನೋಡಬಾರದು. ಇಲ್ಲಿ ಬಾಗಿಲೆಲ್ಲಿಂದ ತರುವುದು?

"ಎಲ್ರೂ ಆ ಕಡೆ ತಿರುಗ್ಕೊಳ್ರಪ್ಪ," ಎಂದಳು ಅಕ್ಕ.

ಗುಂಪಿನವರು ನಮ್ಮ ಸೀಮೆಯವರೇ. ಊಟ ಬಿಟ್ಟೆದ್ದು ಗದ್ದೆಗೆ ಬೆನ್ನು ಮಾಡಿ ನಿಂತರು. ಏನೂ ಅರ್ಥವಾಗದ ಗೈಡು ಕೂಡ ತಿರುಗಿ ನಿಂತಳು. ಅಕ್ಕ ಬಂದು ನನ್ನ ಪಕ್ಕ ನಿಂತು, ಮನೆಯೊಳಗಿಂದ ಕೂಗುವ ದನಿಯಲ್ಲೇ ಕರೆದಳು.

"ಬಾರವ್ವ, ಆರೋಗ್ತೈತೆ."

ಆಮೇಲೆ ಅತ್ತಳು. ಹೊಟ್ಟೆಯೊಳಗಿನದೆಲ್ಲ ಕಿತ್ತು ಬರುವಂತೆ ಅತ್ತಳು. ನಾನೂ ಅತ್ತೆ. ಗೈಡು ವ್ಯಾನಿನ ಕಡೆ ಕೈ ತೋರಿಸಿದಾಗ ಎಲೆ ತೆಗೆಯೋಣವೆಂದು ಹಿಂತಿರುಗಲು ಹೋದೆ. ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದೆಳೆದಳು.

"ತಿರುಗಿ ನೋಡ್ಬೇಡ ಕಣೇ. ಎಡೆ ಹಂಗೇ ಇದ್ರೆ ನನ್ ಕೈಲಿ ತಡ್ಕೊಳ್ಳೋಕಾಗಲ್ಲ."