ಹುಳು ಮನೆಯ ಅಮಲ್ದಾರ ರಿಟೈರ್ ಆದದ್ದು

ಹಿಪ್ಪುನೇರಳೆ ತೋಟದ ಬದುವಿನಲ್ಲಿ ನಾನು ಬೋರಲು ಬಿದ್ದುಕೊಂಡು ನಮ್ಮ ನಾಯಿಯ ಹಿಂಗಾಲು ಹಿಡಿದು ಎಳೆಯುತ್ತಿದ್ದೆ.

ನಾಯಿಯ ಮುಂಭಾಗ ಹೆಗ್ಗಣದ ಬಿಲದೊಳಗಿತ್ತು. ಹಿಂಭಾಗ ನನ್ನ ವಶದಲ್ಲಿತ್ತು. ನಡುವಿನ ಭಾಗಕ್ಕೆ ಯಾರ ಆಡಳಿತವೂ ಇರಲಿಲ್ಲ.

ಕೊನೆಗೂ ಹೊರಗೆ ಬಂತು. ಮೂತಿ ತುಂಬ ಮಣ್ಣು, ಕೆಳತುಟಿ ಹರಿದು ರಕ್ತ. ಹೆಗ್ಗಣ ಮಾತ್ರ ಒಳಗೆ ಕ್ಷೇಮವಾಗಿತ್ತು.

ನಾಯಿಯ ಹೆಸರು ಅಮಲ್ದಾರ. ಮೊಳ ಎತ್ತರದ ಟೆರಿಯರ್. ಬಿಡದಿಯಲ್ಲಿ ಬಾಡಿಗೆಗಿದ್ದ ಪರಿಚಯದವರೊಬ್ಬರು ವರ್ಗವಾಗಿ ಹೋಗುವಾಗ, ಇಲಿ ಹಿಡಿಯುವುದಕ್ಕೇ ಹುಟ್ಟಿದ ಜಾತಿ ಎಂದು ಹೊಗಳಿ ಮರಿಯನ್ನು ನನ್ನ ಮಡಿಲಿಗೆ ಹಾಕಿದ್ದರು.

ಗುಡೇಮಾರನಹಳ್ಳಿಯಲ್ಲಿ ನಮ್ಮದು ರೇಷ್ಮೆ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಇಲಿ, ಹೆಗ್ಗಣಗಳಿಗೆ ಮದುವೆ ಊಟ. ಹುಳು ಮನೆಯ ಹತ್ತಿರ ಪಾಷಾಣ ಇಡುವ ಧೈರ್ಯ ನಮಗಿಲ್ಲ. ಹಾಗಾಗಿ ಆ ಇಲಾಖೆ ಪೂರ್ತಿ ಅಮಲ್ದಾರನದೇ.

ಇಲಿ ಕಂಡರೆ ಹುಲಿ, ಪಟಾಕಿ ಕೇಳಿದರೆ ಇಲಿ... ಎಂದು ಅವನ ಮೇಲೊಂದು ಪ್ರಾಸ ಹೊಸೆದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು.

ಅವನಿಗೊಂದು ನಿಯಮವಿತ್ತು. ಕೊಂದ ಇಲಿಯನ್ನು ತಂದು ಹಿತ್ತಲ ಮೆಟ್ಟಿಲ ಮೇಲೆ ಇಡುವುದು, ಬೇಯಿಸಿದ ಮೊಟ್ಟೆ ತಿನ್ನುವುದು. ಇಲಿಯಿಲ್ಲದ ದಿನ ಮೊಟ್ಟೆ ಕೊಟ್ಟರೆ ಮೂಸಿಯೂ ನೋಡುತ್ತಿರಲಿಲ್ಲ. ಲಂಚ ಮುಟ್ಟದ ಅಮಲ್ದಾರ ಎಂದು ನನ್ನ ಹೆಂಡತಿ ಮಂಜುಳಾಗೆ ಬಹಳ ಅಭಿಮಾನ.

ಈಗ ವಯಸ್ಸಾಗಿದೆ. ಕಣ್ಣಿಗೆ ಪೊರೆ, ಕಿವಿಗೆ ಅರ್ಧ ರಜೆ. ಹಲ್ಲಿಲ್ಲ, ಬಲವಿಲ್ಲ, ಬಿಲ ಮಾತ್ರ ಬಿಡೋದಿಲ್ಲ.

ಮಾಗಡಿಯಲ್ಲಿ ಪಶು ವೈದ್ಯರು ತುಟಿಗೆ ಹೊಲಿಗೆ ಹಾಕಿದರು. "ಇನ್ನೊಂದ್ಸಲ ಹೆಗ್ಗಣ ಕಚ್ಚಿದ್ರೆ ಈ ವಯಸ್ಸಲ್ಲಿ ಉಳಿಯೋದು ಕಷ್ಟ. ಕೆಲಸ ಬಿಡಿಸ್ಬಿಡಿ" ಎಂದರು.

ಬಿಡಿಸುವುದು ಹೇಗೆ? ಹಾರ ಹಾಕಿ, ಶಾಲು ಹೊದಿಸಿ, ಅವರ ಸೇವೆಯ ಬಗ್ಗೆ ಎರಡು ಮಾತಾಡಬೇಕೇ? ನಾನು ಸರಪಳಿ ಹಾಕಿದೆ.

ಅಮಲ್ದಾರ ಊಟ ಬಿಟ್ಟ.

ಮುದ್ದೆ ಮುಟ್ಟಲಿಲ್ಲ, ಹಾಲು ಮುಟ್ಟಲಿಲ್ಲ. ಮೊಟ್ಟೆಗಂತೂ ಬೆನ್ನು ಹಾಕಿ ಮಲಗಿದ. ಪಕ್ಕೆಲುಬು ಎದ್ದು ಕಾಣತೊಡಗಿದವು. ಕಟ್ಟಿದರೆ ಹಸಿವಿನಿಂದ ಸಾಯುತ್ತಾನೆ, ಬಿಟ್ಟರೆ ಹೆಗ್ಗಣದಿಂದ ಸಾಯುತ್ತಾನೆ.

ಆಗ ಈ ಜಾಲತಾಣದಲ್ಲೇ ಅವನ ಫೋಟೋ ಹಾಕಿ ನಿಮ್ಮ ಸಲಹೆ ಕೇಳಿದ್ದೆ. ಒಬ್ಬರು ಆಟಿಕೆ ಕೊಡಿಸಿ ಎಂದಿರಿ. ಮತ್ತೊಬ್ಬರು ವಿಷಯ ಓದದೆಯೇ ಓಂ ಶಾಂತಿ ಎಂದು ಬರೆದು ಹೋದಿರಿ. ನಾಯಿ ಇನ್ನೂ ಉಸಿರಾಡುತ್ತಿತ್ತು ಸ್ವಾಮಿ.

"ಬಿಟ್ಬುಡನಾ?" ಎಂದು ಮಂಜುಳಾನ ಕೇಳಿದೆ.

"ಸುಮ್ಕಿರಿ ಒಸಿ" ಎಂದಳು.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಸತ್ತ ಇಲಿ! ಪಕ್ಕದಲ್ಲಿ ಎದೆ ಉಬ್ಬಿಸಿಕೊಂಡ ಅಮಲ್ದಾರ. ಆಮೇಲೆ ದಿನವೂ ಅದೇ. ಮೊಟ್ಟೆ ಒಳಗಿಳಿಯಿತು, ಹಿಂದೆಯೇ ಮುದ್ದೆಯೂ ಇಳಿಯಿತು.

ಸರಪಳಿ ಕಳಚಿಕೊಂಡು ಹೋಗುತ್ತಿದ್ದಾನೆಂದು ನಾನು ಹೊಸ ಕೊಂಡಿ ತಂದೆ. ಡಿಗ್ರಿ ಮಾಡಿದವನ ತನಿಖೆ ಅಲ್ಲಿಗೆ ನಿಂತಿತು.

ನಿಜ ಗೊತ್ತಾದದ್ದು ಕಣ್ಣಾರೆ ಕಂಡಾಗ. ಅವನನ್ನು ಕಟ್ಟಿದ ಮೇಲೆ ಹುಳು ಮನೆಯಲ್ಲಿಟ್ಟ ಬೋನಿಗೆ ಬಿದ್ದ ಇಲಿಯನ್ನು ಮಂಜುಳಾ ನೀರಲ್ಲಿ ಮುಳುಗಿಸಿ ಕೊಂದು, ಅವನ ಮೂತಿಯ ಮುಂದೆ ಬೀಳಿಸಿ, ಸರಪಳಿ ಬಿಚ್ಚಿದಳು. ಅವನು ಸತ್ತ ಇಲಿಯನ್ನು ಬಾಯಲ್ಲಿ ಹಿಡಿದು ಎರಡು ಸಲ ಒದರಿ, ಠೀವಿಯಿಂದ ಮೆಟ್ಟಿಲಿಗೆ ಒಯ್ದ.

ಇದೇನೇ ಎಂದೆ.

"ಉಣ್ಣಕೆ ಅದ್ಕೂ ಒಂದು ನೆಪ ಬ್ಯಾಡ್ವಾ? ನೀವು ತ್ವಾಟದಲ್ಲಿ ಮರದಡಿ ಕುಂತಿದ್ ಬಂದು ಸುಸ್ತಾಯ್ತು ಅಂತೀರಲ್ಲ, ನಾನೇನ್ ಇಕ್ಕದೆ ಇದ್ದೀನಾ?"

ನಾನು ಅಡುಗೆಮನೆಗೆ ಹೋಗಿ ಮೊಟ್ಟೆ ಬೇಯಲು ಇಟ್ಟೆ.

ಇಲ್ಲಿಗೆ ಮುಗಿದಿದ್ದರೆ ಸುಖವಾಗಿತ್ತು. ಮೊನ್ನೆ ಬೋನು ಖಾಲಿ. ಮಂಜುಳಾ ಬಕೆಟ್ ಕೊಟ್ಟು ನನ್ನನ್ನು ಪಕ್ಕದ ಮನೆಗೆ ಅಟ್ಟಿದಳು. ಅಲ್ಲಿನ ಕೆಂಪಣ್ಣನೂ ರೇಷ್ಮೆಯವನೇ, ಅವನ ಹತ್ತಿರವೂ ಬೋನಿದೆ.

"ಏನ್ಲಾ, ಸಕ್ರೆ, ಕಾಪಿಪುಡಿ ಸಾಲ ಕೇಳೋರ್ನ ಕಂಡಿವ್ನಿ. ಇಲಿ ಸಾಲ ಕೇಳೋನ್ನ ಇವತ್ತೇ ಕಂಡಿದ್ದು ಕಣ್ಲಾ!"

"ಐತೋ ಇಲ್ವೋ ಹೇಳ್ಲಾ."

"ಹೆಗ್ಗಣವೇ ಐತೆ. ಈಗ್ತಾನೆ ದೊಣ್ಣೇಲಿ ಒಂದ್ ಬುಟ್ಟಿವ್ನಿ. ತಗಂಡೋಗು, ವಾಪಸ್ ಏನ್ ಬ್ಯಾಡ."

ತಂದು ಅಮಲ್ದಾರನ ಮುಂದೆ ಸುರಿದೆ. ಸರಪಳಿ ಬಿಚ್ಚಿದೆ.

ಹೆಗ್ಗಣ ಎದ್ದು ಕೂತಿತು.

ಕೆಂಪಣ್ಣನ ದೊಣ್ಣೆಯೇಟಿಗೆ ಅದು ಎಚ್ಚರ ತಪ್ಪಿತ್ತೇ ಹೊರತು ಸತ್ತಿರಲಿಲ್ಲ. ಈಗ ರೋಮ ನಿಮಿರಿಸಿ, ಹಲ್ಲು ಬಿಟ್ಟು, ಅಮಲ್ದಾರನ ಮೂಗಿನಿಂದ ಗೇಣು ದೂರದಲ್ಲಿ ನಿಂತಿದೆ. ನನ್ನ ಕೈಯಲ್ಲಿ ಖಾಲಿ ಬಕೆಟ್.

"ಎತ್ಕಳ್ರೀ ಅದ್ನ!" ಎಂದು ಮಂಜುಳಾ ಕಿರುಚುತ್ತಿದ್ದಾಳೆ. ನಾಯಿಯನ್ನೋ ಹೆಗ್ಗಣವನ್ನೋ ಹೇಳುತ್ತಿಲ್ಲ. ತುಟಿಯ ಹೊಲಿಗೆಯ ಗುರುತು ಇನ್ನೂ ಕೆಂಪಗಿದೆ.

ಅಮಲ್ದಾರ ಮೂಸಿದ. ಹೆಗ್ಗಣ ಗುರ್ರೆಂದಿತು.

ಅವನು ಒಂದು ಹೆಜ್ಜೆ ಹಿಂದೆ ಸರಿದು, ಪಕ್ಕಕ್ಕೆ ತಿರುಗಿ, ದಾರಿ ಬಿಟ್ಟ. ಬಸ್ಸಿನಲ್ಲಿ ಇಳಿಯುವವರಿಗೆ ಜಾಗ ಬಿಡುತ್ತಾರಲ್ಲ, ಹಾಗೆ. ಹೆಗ್ಗಣ ತೋಟದ ಕಡೆ ನುಗ್ಗಿ ಹೋಯಿತು. ಅವನು ಕತ್ತು ಹೊರಳಿಸಿಯೂ ನೋಡಲಿಲ್ಲ.

ನಿಧಾನಕ್ಕೆ ನಡೆದು ಹೋಗಿ ಮೆಟ್ಟಿಲ ಮೇಲೆ ಕೂತ. ಬಾಯಲ್ಲಿ ಏನೂ ಇರಲಿಲ್ಲ. ಮಂಜುಳಾಳ ಮುಖ ನೋಡಿ ಬಾಲ ಅಲ್ಲಾಡಿಸಿದ.

ಅವಳು ಅಳುತ್ತಾ ನಗುತ್ತಾ ಮೊಟ್ಟೆ ಸುಲಿದು ಕೊಟ್ಟಳು. ತಿಂದ. ಇನ್ನೊಂದು ಇದೆಯೇ ಎಂಬಂತೆ ನೋಡಿದ.

ಹಾಗಾದರೆ ಇಷ್ಟು ದಿನ ಸತ್ತ ಇಲಿಗಳನ್ನು ಒದರಿ ತೋರಿಸಿದ್ದು ಯಾರ ಸಮಾಧಾನಕ್ಕೆ?

ಅವನು ಯಾವತ್ತೋ ರಿಟೈರ್ ಆಗಿಬಿಟ್ಟಿದ್ದ, ಆರ್ಡರ್ ಕಾಪಿ ನಮ್ಮ ಕೈಗೆ ಸಿಕ್ಕಿದ್ದು ಮಾತ್ರ ಮೊನ್ನೆ.