ನಾನು ನೆಲಬೇವು ಬೆಳೆಸಿದ ಬಗೆ

ಬೆನ್ಸನ್ ಟೌನಿನ ಆ ಮನೆಗೆ ನಾನು ಹೋದದ್ದು ಅಡುಗೆ ಕೆಲಸ ಕೇಳಿಕೊಂಡು. ಅಡುಗೆಗೆ ಆಗಲೇ ಒಬ್ಬರಿದ್ದರು. ಬಾಗಿಲಲ್ಲೇ ನಿಂತಿದ್ದ ಮನೆಯೊಡತಿ, "ಗಿಡ ನೋಡ್ಕೊಳ್ಳೋಕೆ ಜನ ಬೇಕಿತ್ತು. ನಿನಗೆ ಗಿಡದ ಕೆಲಸ ಬರುತ್ತಾ?" ಎಂದು ಕೇಳಿದರು. ಕೆ.ಆರ್. ಪುರದ ಬಾಡಿಗೆ ಕೋಣೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದೆ. ಹಾಗೇ ವಾಪಸು ಹೋಗಲು ಮನಸ್ಸಾಗಲಿಲ್ಲ.

"ಬರ್ತದ್ರಿ. ನಮ್ಮದು ಒಕ್ಕಲುತನದ ಮನಿತನ ಅದರಿ," ಎಂದುಬಿಟ್ಟೆ.

ಒಕ್ಕಲುತನವೆಲ್ಲ ಚಿಕ್ಕಪ್ಪನದು. ಕಲಬುರಗಿ ಕಡೆಯ ಸಣ್ಣ ಪೇಟೆಯೊಂದರಲ್ಲಿ ನಮ್ಮಪ್ಪನಿಗಿದ್ದದ್ದು ಹಿಟ್ಟಿನ ಗಿರಣಿ. ಜೋಳ ಹಿಟ್ಟಾಗುವುದನ್ನು ನಾನು ದಿನವೂ ನೋಡಿದ್ದೆ. ಜೋಳ ಹುಟ್ಟುವುದನ್ನು ಬೇಲಿಯಾಚೆಯಿಂದ ಒಂದೆರಡು ಸಲ ನೋಡಿರಬಹುದು. ಮನೆಯಲ್ಲಿದ್ದ ಒಂದೇ ಒಂದು ತುಳಸಿಗೂ ನೀರು ಹಾಕುತ್ತಿದ್ದವಳು ಅಕ್ಕ.

ಮೇಡಂ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು ಎಂದು ಅಡುಗೆಯವರು ಹೇಳಿದರು. ಯಾವ ಪಾಠ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಮೂರನೆಯ ದಿನ ಮೇಡಂ ಒಂದು ಕಾಗದದ ಪೊಟ್ಟಣ ಕೊಟ್ಟರು. ಒಳಗೆ ಎಳ್ಳಿಗಿಂತ ಚಿಕ್ಕದಾದ, ಹಳದಿ ಮಿಶ್ರಿತ ಕಂದು ಬೀಜಗಳಿದ್ದವು. "ನೆಲಬೇವು. ಜ್ವರಕ್ಕೆ ನಮ್ಮಮ್ಮ ಕಷಾಯ ಮಾಡ್ತಿದ್ದಿದ್ದು. ಈ ಕಾಂಪೌಂಡಲ್ಲಿ ತಾನಾಗೇ ಬೆಳೀತಿತ್ತು, ಈಗ ಒಂದೂ ಇಲ್ಲ. ಹಾಕ್ತೀಯಾ?" ಎಂದರು.

"ಅದೇನ್ ದೊಡ್ಡದ್ರಿ," ಎಂದೆ.

ಬಿತ್ತನೆ ಎಂದರೆ ನನ್ನ ಕಣ್ಣಿಗೆ ಬಂದದ್ದು ಜೋಳ. ಆದ್ದರಿಂದ ಅಗಲವಾದ ಕುಂಡದಲ್ಲಿ ಬೆರಳುದ್ದದ ಗುಳಿಗಳನ್ನು ತೋಡಿ, ಒಂದೊಂದರಲ್ಲಿ ನಾಲ್ಕಾರು ಬೀಜ ಉದುರಿಸಿ, ಮಣ್ಣು ಮುಚ್ಚಿ, ಭದ್ರವಾಗಿರಲೆಂದು ಅಂಗೈಯಿಂದ ತಟ್ಟಿ ತಟ್ಟಿ ಗಟ್ಟಿ ಮಾಡಿದೆ. ರೊಟ್ಟಿ ತಟ್ಟಿದ ಕೈ. ಅದರಲ್ಲಿ ಮಾತ್ರ ಯಾವ ಕೊರತೆಯೂ ಆಗಲಿಲ್ಲ.

ವಾರ ಕಳೆಯಿತು, ಹದಿನೈದು ದಿನ ಕಳೆಯಿತು. ಮೇಡಂ ದಿನವೂ "ಬಂತಾ?" ಎಂದು ಕೇಳುವರು. ಒಂದು ದಿನ ಥಂಡಿ ಜಾಸ್ತಿ ಎಂದೆ, ಇನ್ನೊಂದು ದಿನ ಅಮಾವಾಸ್ಯೆ ಹತ್ತಿರ ಬಂತು ಎಂದೆ. ಮತ್ತೊಂದು ದಿನ ಬೆಂಗಳೂರಿನ ನೀರಿನ ಮೇಲೆ ತಪ್ಪು ಹೊರಿಸಿದೆ. ಮೇಡಂ "ಓಹೋ" ಎನ್ನುವರು, ಅಷ್ಟೆ.

ಆಮೇಲೆ ಒಂದು ಬೆಳಿಗ್ಗೆ ಕುಂಡದ ತುಂಬ ಹಸಿರು! ನನಗೆ ಎಷ್ಟು ಸಂತೋಷವಾಯಿತೆಂದರೆ ಪೊರಕೆ ಅಲ್ಲೇ ಎಸೆದು ಒಳಗೆ ಓಡಿದೆ. ಮೇಡಂ ಚಹಾದ ಲೋಟ ಹಿಡಿದೇ ಹೊರಗೆ ಬಂದರು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಒಂದು ಎಲೆ ಚಿವುಟಿ ನನ್ನ ಕೈಗಿಟ್ಟರು.

"ನೆಲಬೇವು ಅಂದ್ರೆ ನಾಲಿಗೆ ಇಡೋಕಾಗಬಾರದು, ಅಷ್ಟು ಕಹಿ. ಕಚ್ಚಿ ನೋಡು."

ಕಚ್ಚಿದೆ. ಹುಳಿ! ಹುಣಿಸೆ ಚಿಗುರಿನಂಥ ಹುಳಿ. ಬಾಯಲ್ಲಿ ನೀರೂರಿತು. ಆಗಲೇ ನಿಜ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಾನು ಮಾತ್ರ ಬೇವಿನ ಕಷಾಯ ಕುಡಿದವಳಂತೆ ಮುಖ ಕಿವುಚಿ, "ಅಯ್ಯಯ್ಯ, ಏನ್ ಕಹಿ ಅದರಿ!" ಎಂದೆ.

"ಹೌದಾ? ಒಳ್ಳೇದಾಯ್ತು. ಇನ್ನೊಂದ್ಸ್ವಲ್ಪ ತಿನ್ನು, ಮೈಗೆ ಒಳ್ಳೇದು."

ಅವರೇ ಒಂದು ಹಿಡಿ ಕಿತ್ತು ಕೊಟ್ಟರು. ನಾನು ಅಗಿಯುತ್ತಿದ್ದೆ, ಕಹಿಯ ಮುಖ ಮಾಡುತ್ತಿದ್ದೆ. ಮುಖ ಒಂದು ಕಡೆ ಎಳೆದರೆ ಹುಳಿಗೆ ಹಲ್ಲು ಜುಮ್ಮೆಂದು ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ಮೇಡಂಗೇ ತಡೆಯಲಾಗಲಿಲ್ಲ. ಚಹಾ ತುಳುಕುವಷ್ಟು ನಕ್ಕರು.

"ಸಾಕು ಉಗೀ ಮಾರಾಯ್ತಿ. ಅದು ಪುಳ್ಳಂಪುರಚಿ. ಹುಳಿಸೊಪ್ಪು. ಯಾರೂ ಹಾಕ್ದೇನೆ ಎಲ್ಲಾ ಕುಂಡದಲ್ಲೂ ಬರುತ್ತೆ. ನಾನು ಬಾಟನಿ ಟೀಚರು ಕಣೆ!"

ಉಗಿದೆ. ಕಿವಿ ಬಿಸಿಯಾಯಿತು. ಕೆಲಸ ಹೋಯಿತೆಂದುಕೊಂಡು, ಗಿರಣಿಯಿಂದ ಹಿಡಿದು ಅಕ್ಕನ ತುಳಸಿಯವರೆಗೆ ಎಲ್ಲವನ್ನೂ ಒಪ್ಪಿಸಿದೆ.

"ಗೊತ್ತು. ಮೊದಲನೇ ದಿನ ನೀನು ಕುಡುಗೋಲು ಹಿಡಿದಿದ್ದು ನೋಡ್ದೆ, ಸೌಟು ಹಿಡಿದ ಹಾಗೆ," ಎಂದರು ಮೇಡಂ.

"ಮತ್ತ ಯಾಕ ಇಟ್ಕೊಂಡ್ರಿ?"

"ನಿನಗಿಂತ ಮುಂಚೆ ಇದ್ದೋನಿಗೆ ಎಲ್ಲಾ ಗೊತ್ತಿತ್ತು. ಕಳೆ ಕಳೆ ಅಂತ ನೆಲಬೇವೆಲ್ಲಾ ಬುಡಸಮೇತ ಕಿತ್ತಾಕ್ಬಿಟ್ಟ. ಏನೂ ಗೊತ್ತಿಲ್ದೋರು ಬೇಕಿತ್ತು ನನಗೆ. ಕೀಳೋಕೆ ಮುಂಚೆ ಕೇಳ್ತಾರೆ."

ಅರ್ಹತೆ ನೋಡಿ ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಅದೊಂದೇ ಸಲ.

ಪೊಟ್ಟಣದಲ್ಲಿ ಇನ್ನೂ ಒಂದು ಚಿಟಿಕೆ ಬೀಜ ಉಳಿದಿತ್ತು. ಈ ಸಲ ಮೇಡಂ ಕುರ್ಚಿ ಹಾಕಿಕೊಂಡು ಎದುರಿಗೇ ಕೂತರು. ಬೀಜವನ್ನು ಮರಳಿನೊಂದಿಗೆ ಅಂಗೈಯಲ್ಲಿ ಮೆಲ್ಲಗೆ ಉಜ್ಜಿಸಿದರು, ಒಂದು ರಾತ್ರಿ ನೀರಲ್ಲಿ ನೆನೆಸಿಟ್ಟರು. ಮರುದಿನ ಸಡಿಲ ಮಣ್ಣಿನ ಮೇಲೆ ಉದುರಿಸಿ, ಮೇಲೆ ತೆಳ್ಳಗೆ ಒಂದು ಪದರ ಮರಳು ಹಾಕಿ, ಒದ್ದೆ ಗೋಣಿ ಹೊದಿಸಿದೆವು. "ತಟ್ಟಬೇಡ!" ಎಂದು ಅವರು ಕೂಗುವಷ್ಟರಲ್ಲಿ ನನ್ನ ಕೈ ಅರ್ಧ ದಾರಿಯಲ್ಲಿತ್ತು.

ಗೋಣಿಯನ್ನು ದಿನಕ್ಕೆ ಹತ್ತು ಸಲ ಎತ್ತಿ ನೋಡುತ್ತಿದ್ದೆ. ಎತ್ತಬೇಡ ಎಂದು ಅಡುಗೆಯವರಿಂದಲೂ ಬೈಸಿಕೊಂಡೆ. ಎರಡನೆಯ ವಾರ ಎರಡೆಲೆಯ ಮೊಳಕೆಗಳು ಕಂಡಾಗ ಓಡಲಿಲ್ಲ. ಅಕ್ಕಪಕ್ಕದ ಕುಂಡಗಳಲ್ಲಿ ಅಂಥದ್ದು ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹೋಗಿ ಹೇಳಿದೆ. ಗಿಡ ಗೇಣುದ್ದ ಆದಾಗ ಒಂದೆಲೆ ಕಚ್ಚಿದೆ. ನಾನು ಆ ದಿನ ಆಡಿದ ನಾಟಕ ಏನೇನೂ ಸಾಲದಾಗಿತ್ತು. ನೀರು ಕುಡಿದೆ, ಬೆಲ್ಲ ತಿಂದೆ. ಸಂಜೆ ಮನೆಗೆ ಹೋಗಿ ರೊಟ್ಟಿ ಬಾಯಿಗಿಟ್ಟರೂ ಕಹಿಯೇ.

ಹೂವಿನ ಬಗ್ಗೆ ದೊಡ್ಡ ಆಸೆ ಇಟ್ಟುಕೊಂಡಿದ್ದೆ. ಮೂರ್ನಾಲ್ಕು ತಿಂಗಳಿಗೆ ಅದು ಬಂತು. ನಾನು ಎರಡು ದಿನ ಅದರ ಪಕ್ಕದಲ್ಲೇ ಕಸ ಗುಡಿಸಿದರೂ ಕಣ್ಣಿಗೆ ಬೀಳಲಿಲ್ಲ. ಮೇಡಂ ಭೂತಗನ್ನಡಿ ಕೊಟ್ಟು ತೋರಿಸಿದರು: ಅಕ್ಕಿಕಾಳಿನಷ್ಟು ಬಿಳಿ ಹೂ, ತುಟಿಯ ಮೇಲೆ ನೇರಳೆ ಚುಕ್ಕೆ, ಇರುವೆಗೆ ಜರಿಸೀರೆ ಉಡಿಸಿದ ಹಾಗೆ. ಬಹಳ ಹೊತ್ತು ನೋಡಿದೆ. ಕೊನೆಗೆ ಅವರೇ ಭೂತಗನ್ನಡಿಯನ್ನು ವಾಪಸು ಕೇಳಬೇಕಾಯಿತು.

ಬೀಜ ಸಿಡಿದು ಬಿದ್ದ ಕಡೆ ಹೊಸ ಸಸಿಗಳೆದ್ದಾಗ ಒಂದನ್ನು ಮೊಸರಿನ ಡಬ್ಬಿಯಲ್ಲಿ ಹಾಕಿಕೊಟ್ಟರು. ಶಿವಾಜಿನಗರದಲ್ಲಿ ಬಸ್ಸು ಹತ್ತಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹಲಸೂರು ದಾಟುವಾಗ ಪಕ್ಕದ ಹೆಂಗಸು, "ಕಿಟಕಿ ಸ್ವಲ್ಪ ಮುಚ್ತೀರಾ?" ಎಂದರು.

"ಇದು ನೆಲಬೇವು ಅದರಿ," ಎಂದು ನಾನು ಶುರುಮಾಡಿದೆ. ಮರಳಲ್ಲಿ ಉಜ್ಜುವುದು, ನೆನೆಸುವುದು, ಗೋಣಿ ಹೊದಿಸುವುದು, ಹೂವಿನ ಚುಕ್ಕೆ, ಕಳೆ ಕೀಳುವವರ ಅಜ್ಞಾನ, ಕೆ.ಆರ್. ಪುರದಲ್ಲಿಳಿದು ಇದನ್ನು ಕೋಣೆಯಲ್ಲಿ ಎಲ್ಲಿಡಬೇಕೆಂಬುದು, ಎಲ್ಲವನ್ನೂ ವಿವರಿಸಿದೆ. ಇಂದಿರಾನಗರದ ಟ್ರಾಫಿಕ್ಕಿನಲ್ಲಿ ಅವರು ಎದ್ದು ಹೋಗಲು ದಾರಿಯೂ ಇರಲಿಲ್ಲ. ಕೊನೆಗೆ ಅವರು ಇಳಿಯುವಾಗ, "ಅಮ್ಮಾ, ಕೆ.ಆರ್. ಪುರ ಹೋಗ್ಬೇಕು ಅಂದ್ರಲ್ಲಾ, ಅದು ಆಗ್ಲೇ ಹೋಯ್ತು," ಎಂದರು. ಎರಡು ಸ್ಟಾಪು ಹಿಂದಕ್ಕೆ ಡಬ್ಬಿ ಹಿಡಿದುಕೊಂಡು ನಡೆದೆ. ಕಿಟಕಿಯನ್ನು ಮುಚ್ಚಿರಲೇ ಇಲ್ಲವೆಂಬುದು ಕೋಣೆಯ ಬೀಗ ತೆಗೆಯುವಾಗ ನೆನಪಾಯಿತು.