ವರ್ನಾಳ ಅರ್ಧ ಇಂಚು

ವಿಸ್ಕಾನ್ಸಿನ್‌ನ ಉತ್ತರದ ತುದಿಯಲ್ಲಿರುವ ವರ್ನಾ ಟೋಲೆಫ್ಸನ್ನಳ ಮರದ ಡಿಪೋಗೆ ಹೋದವರಿಗೆ ಮೊದಲು ಸಿಗುವುದು ಕಾಫಿ, ಆಮೇಲೆ ಬೈಗುಳ, ಕೊನೆಗೆ ಮರ. ಮೂವತ್ತೆಂಟು ವರ್ಷದಿಂದ ಈ ಕ್ರಮ ತಪ್ಪಿಲ್ಲ. ಕಣ್ಣು ಮುಚ್ಚಿಕೊಂಡು ಮರ ಮೂಸಿ ಪೈನೋ ಸೀಡರೋ ಹೇಳುತ್ತಾಳೆ. ಗಿರಾಕಿ ಬಾಗಿಲು ತೆಗೆಯುವ ರೀತಿ ನೋಡಿ ಅವನು ಕಟ್ಟುವುದು ಮನೆಯೋ ಕೋಳಿಗೂಡೋ ಹೇಳುತ್ತಾಳೆ. ಗಂಡ ಗಸ್ ಮೇಷ್ಟರು ಒಂದೇ ಸ್ಟೂಲಿಗೆಂದು ಏಳು ಸಲ ಮರ ಕೊಳ್ಳಲು ಬಂದಾಗ, ವಿಷಯ ಸ್ಟೂಲಲ್ಲ ಎಂದು ಅವಳಿಗೆ ಹೊಳೆಯಿತಂತೆ. ಮದುವೆಯಾಗಿ ಮೂವತ್ತು ವರ್ಷವಾಯಿತು, ಸ್ಟೂಲು ಇನ್ನೂ ಮುಗಿದಿಲ್ಲ.

ಅವಳ ಬೆನ್ನ ಹಿಂದಿನ ಗೋಡೆಯಲ್ಲಿ ಅಪ್ಪ ಹೊಡೆದ ಹಲಗೆಯಿದೆ: "ಇಲ್ಲಿ ಅಳತೆ ತಪ್ಪುವುದಿಲ್ಲ." ಆ ಹಲಗೆಗೇ ಕುತ್ತು ತಂದವನು ಕ್ಯಾಸಿಮಿರ್ ವೊಯ್ಟಾ.

ಮಿಲ್ವಾಕಿಯಲ್ಲಿ ಬಹಳ ವರ್ಷ ಹ್ಯಾಂಬರ್ಗರ್ ಅಂಗಡಿ ನಡೆಸಿ, ಕೆರೆ ದಂಡೆಯಲ್ಲಿ ಮನೆ ಕೊಂಡು ಬಂದ ಅಚ್ಚುಕಟ್ಟಿನ ಮನುಷ್ಯ ಅವನು. ಜಗಲಿಗೆಂದು 'ನಾಲ್ಕು-ನಾಲ್ಕು', ಅಂದರೆ ನಾಲ್ಕಿಂಚು ಅಗಲ ನಾಲ್ಕಿಂಚು ದಪ್ಪ, ಎಂದು ಕರೆಯುವ ಎಂಟು ಕಂಬ ಕೊಂಡ. ಭಾಮೈದನಿಂದ ಕೂದಲೆಳೆ ಹೆಚ್ಚುಕಮ್ಮಿ ಇಲ್ಲದ ನಾಲ್ಕಿಂಚಿನ ಕಬ್ಬಿಣದ ಗೂಡುಗಳನ್ನು, ಕಂಬದ ಬುಡ ಕೂರಿಸಲೆಂದು, ಬೆಸುಗೆ ಹಾಕಿಸಿ ಕಾಂಕ್ರೀಟಿನಲ್ಲಿ ಹೂಳಿದ. ಕೊಳ್ಳುವವನ ಅಳತೆಪಟ್ಟಿ ಮನೆಗೆ ಹೋದ ಮೇಲೆಯೇ ಬಿಚ್ಚಿಕೊಳ್ಳುವುದು. ಎಂಟೂ ಕಂಬ ಮುದುಕನ ಹಲ್ಲಿನಂತೆ ಅಲ್ಲಾಡಿದವು.

"ನಾಲ್ಕಿಂಚು ಅಂತ ಕೊಟ್ಟಿದ್ದೀಯ, ಮೂರೂವರೇನೇ ಇದೆ!" ಎಂದು ಬಂದು ನಿಂತ.

"ನಾಲ್ಕು-ನಾಲ್ಕರ ಕಂಬ ಮೂರೂವರೇನೇ ಇರತ್ತಪ್ಪ."

"ಹಾಗಂತ ಎಲ್ಲಿ ಬರೆದಿದೆ?"

"ಬರೆಯೋದ್ಯಾಕೆ? ಊರಿಗೆಲ್ಲ ಗೊತ್ತು."

"ನನಗೆ ಗೊತ್ತಿಲ್ವಲ್ಲ!"

"ಕೇಳಬೇಕಿತ್ತು."

ವರ್ನಾ ಆಡಿದ ಮಾತುಗಳಲ್ಲೆಲ್ಲ ದುಬಾರಿಯದು ಅದೇ. ಶುಕ್ರವಾರ ಊರೆಲ್ಲ ಹುರಿದ ಮೀನು ತಿನ್ನಲು ಸೇರುವ ಹೋಟೆಲಿನಲ್ಲಿ ಕ್ಯಾಸಿಮಿರ್ ಒಂದೊಂದು ಮೇಜಿಗೂ ಹೋಗಿ "ಅರ್ಧ ಇಂಚಿನ ಕಳ್ಳಿ" ಎಂದು ಸಾರಿ ಬಂದ. ಮುಂದಿನ ವಾರ ಕೋರ್ಟಿನ ಕಾಗದ ಬಂತು.

"ರಾಜಿ ಮಾಡ್ಕೊಳ್ಳೇ" ಎಂದ ಗಸ್.

"ನೀನು ಸ್ಟೂಲು ಮುಗಿಸು ಮೊದಲು. ಸೋತರೆ ಅಪ್ಪನ ಹಲಗೆ ಇಳಿಸಿ ಒಲೆಗೆ ಹಾಕ್ತೀನಿ. ರಾಜಿ ಮಾತ್ರ ಇಲ್ಲ."

ಕೋರ್ಟಿಗೆ ಅವಳು ಎರಡು ತುಂಡು ಹೊತ್ತುಕೊಂಡು ಹೋದಳು. "ಇದು ಈಗಷ್ಟೇ ಕೊಯ್ದ ಹಸಿ ಮರ, ಯುವರ್ ಆನರ್. ಪೂರ್ತಿ ನಾಲ್ಕು. ಒಣಗಿದಾಗ ಒಂದಿಷ್ಟು ಕುಗ್ಗತ್ತೆ, ಕೀಸಿ ನಯ ಮಾಡಿದಾಗ ಒಂದಿಷ್ಟು ಹೋಗತ್ತೆ. ಉಳಿಯೋದು ಈ ಇನ್ನೊಂದು, ಮೂರೂವರೆ. ಹೆಸರು ಮಾತ್ರ ಹಸಿ ಮರದ್ದೇ. ದೇಶಕ್ಕೆಲ್ಲ ಇದೇ ಅಳತೆ."

"ನಾನು ಕೊಂಡಿದ್ದು ಹೆಸರಲ್ಲ, ಮರ!" ಎಂದ ಕ್ಯಾಸಿಮಿರ್. ನ್ಯಾಯಾಧೀಶರು ತಲೆದೂಗಿ ಏನೋ ಬರೆದುಕೊಂಡರು. ವರ್ನಾಳಿಗೆ ಅಪ್ಪನ ಹಲಗೆ ಹೊಗೆಯಾಡುವುದು ಕಾಣಿಸಿತು.

"ಕ್ಯಾಸ್," ಎಂದಳು ಮೆತ್ತಗೆ, "ನಿನ್ನ ಅಂಗಡೀಲಿ ಏನು ಮಾರ್ತಿದ್ದೆ?"

"ಕಾಲು ಪೌಂಡಿನ ಹ್ಯಾಂಬರ್ಗರ್. ಬೀದಿಗೇ ಹೆಸರುವಾಸಿ."

"ಬೆಂದ ಮೇಲೂ ಕಾಲು ಪೌಂಡು ತೂಗ್ತಿತ್ತಾ?"

ಕ್ಯಾಸಿಮಿರ್ ಕೊರಳಪಟ್ಟಿ ಸಡಿಲಿಸಿಕೊಂಡ. "ಅದು... ಹಸಿ ಮಾಂಸದ ತೂಕ. ಎಲ್ಲರಿಗೂ ಗೊತ್ತಿರೋದೇ."

ಹಿಂದಿನ ಬೆಂಚುಗಳು ಗೊಳ್ಳೆಂದವು. ವರ್ನಾ ಗೆದ್ದ ಮುಖ ಮಾಡಿ ಕೂರುವಷ್ಟರಲ್ಲಿ ಅವನು ಸೇರಿಸಿದ: "ಆದ್ರೆ ನಾನು ಬೋರ್ಡಲ್ಲಿ ಬರೆಸಿದ್ದೆ, ಯುವರ್ ಆನರ್. ಕೆಳಗೆ, ಸಣ್ಣಕ್ಷರದಲ್ಲಿ. 'ಬೇಯಿಸುವ ಮುಂಚಿನ ತೂಕ.'"

ತೀರ್ಪು ವರ್ನಾಳ ಕಡೆಗೇ ಆಯಿತು. ಅಳತೆ ದೇಶದ್ದು, ಅವಳದಲ್ಲ. ಆದರೆ ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಹ್ಯಾಂಬರ್ಗರ್‌ನವರಿಗೆ ಇದ್ದ ಸಣ್ಣಕ್ಷರದಷ್ಟು ಜಾಗ ನಿಮ್ಮ ಗೋಡೇಲಿ ಇಲ್ವೇನಮ್ಮ?" ಎಂದರು. ಗೆದ್ದು ಬಂದ ಹೆಂಗಸು ದಾರಿಯುದ್ದಕ್ಕೂ ಸೋತವಳಂತೆ ಗಾಡಿ ಓಡಿಸಿದಳು.

ಮಾರನೆಯ ಬೆಳಿಗ್ಗೆ ಹಲಗೆ ಇಳಿಯಿತು, ಒಲೆಗಲ್ಲ. ಅಪ್ಪನ ಸಾಲಿನ ಕೆಳಗೆ ಅವಳು ಬಣ್ಣದಲ್ಲಿ ಬರೆದಳು: ಎರಡು-ನಾಲ್ಕು ಎಂದರೆ ಒಂದೂವರೆ-ಮೂರೂವರೆ; ನಾಲ್ಕು-ನಾಲ್ಕು ಎಂದರೆ ಮೂರೂವರೆ-ಮೂರೂವರೆ. ಹೀಗೇ ಕೊನೆಯ ತೊಲೆಯವರೆಗೆ. ಅಕ್ಷರ ಅಷ್ಟೇನೂ ಸಣ್ಣದಿರಲಿಲ್ಲ.

ಹಲಗೆ ಮತ್ತೆ ಗೋಡೆಗೇರಿದ ದಿನವೇ ಆರ್ವಿಡ್ ಬಂದ. ನಲವತ್ತು ವರ್ಷದಿಂದ ಗಿರಾಕಿ. ಇದೇ ಮರದಲ್ಲಿ ಎರಡು ಕೊಟ್ಟಿಗೆ ಕಟ್ಟಿದವನು. ಓದಿದ. ಮತ್ತೊಮ್ಮೆ ಓದಿದ.

"ಏನಮ್ಮ ವರ್ನಾ, ಕೋರ್ಟಲ್ಲಿ ಗೆದ್ದಿದ್ದೇ ತಡ, ಮರ ತೆಳು ಮಾಡ್ಬಿಟ್ಯಲ್ಲ! ನಿನ್ನಪ್ಪ ಇದ್ದಾಗ ಹೀಗಿರಲಿಲ್ಲ."

ವರ್ನಾ ಬಾಯಿ ತೆರೆದಳು. ಅಷ್ಟರಲ್ಲಿ, ಗೂಡಿನ ಸಂದಿಗೆ ತುರುಕಲು ಅರ್ಧ ಇಂಚಿನ ಮರದ ಪಟ್ಟಿ ಕೊಳ್ಳಲು ಬಂದು, ಕೊಳ್ಳುವ ಮೊದಲೇ ಒಂದೊಂದನ್ನೂ ಅಳೆಯುತ್ತ ಮೂಲೆಯಲ್ಲಿ ಕೂತಿದ್ದ ಕ್ಯಾಸಿಮಿರ್ ಅಳತೆಪಟ್ಟಿ ಕೆಳಗಿಟ್ಟ.

"ಆರ್ವಿಡ್, ಕೂತ್ಕೋ ಇಲ್ಲಿ. ನಲವತ್ತು ವರ್ಷ ಕಣ್ಣು ಮುಚ್ಚಿ ಮೊಳೆ ಹೊಡೆದ್ಯಾ? ಹ್ಯಾಂಬರ್ಗರ್ ತಿಂದಿದ್ದೀಯ ತಾನೆ? ಹಾಗಾದ್ರೆ ಕೇಳು..."

ವರ್ನಾ ಇಬ್ಬರಿಗೂ ಕಾಫಿ ಬಗ್ಗಿಸಿ, ಮರ ತೆಗೆಯಲು ಹಿತ್ತಲಿಗೆ ಹೋದಳು. ನಡುವಿನ ಬೈಗುಳವನ್ನು ಅವತ್ತಿನಿಂದ ಕ್ಯಾಸಿಮಿರ್‌ಗೇ ಬಿಟ್ಟುಕೊಟ್ಟಿದ್ದಾಳೆ.